ನಮ್ಮ ಹಿತ್ತಿಲೂ ಗರಿಕೆಯ ಹಾಸೂ

ಅಂಗಳಕ್ಕೆ ದೊರೆಯುವ ಮರ್ಯಾದೆಯು ಹಿತ್ತಿಲಿಗೆ ದೊರೆಯುವುದಿಲ್ಲವೆಂಬುದು ನಮ್ಮ ಸೀಮೆಯ ಮನೆವಾರ್ತೆಯನ್ನು ಬಲ್ಲವರೆಲ್ಲರಿಗೂ ತಿಳಿದ ಸಂಗತಿಯೇ. ಅಂಗಳವು ದಿನವೂ ಗುಡಿಸಲ್ಪಡುವುದು. ಅತಿಥಿಗಳ ಕಣ್ಣಿಗೆ ಬೀಳುವ ಸ್ಥಳವಾದುದರಿಂದ ಅಲ್ಲಿ ಹೂಗಿಡಗಳ ಕುಂಡಗಳು ಸಾಲಾಗಿ ನಿಂತಿರುವುವು. ಹಿತ್ತಿಲಾದರೋ ಒಡೆದ ಹಂಚು, ತೆಂಗಿನ ಗೆರಟೆ, ತಳವಿಲ್ಲದ ಬಾಲ್ದಿ, ಹಳೆಯ ಟಯರು ಇವುಗಳ ಉಗ್ರಾಣವಾಗಿರುವುದು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಳೆಯು ಸೊಂಟದೆತ್ತರಕ್ಕೆ ಬೆಳೆದು, ಬಟ್ಟೆ ಒಣಗಹಾಕುವ ಹಗ್ಗದ ವರೆಗೆ ಹೋಗಿಬರುವ ಒಂದು ಕಾಲುದಾರಿಯ ಹೊರತು ಬೇರೇನೂ ಉಳಿಯುವುದಿಲ್ಲ.

ವಿದ್ಯೆ, ಸದಾಚಾರ, ಸಂಗೀತ ಮೊದಲಾದ ವಿಷಯಗಳನ್ನು ಕುರಿತ ಲೇಖನಗಳು ಬರುವ ಈ ಸ್ಮರಣ ಸಂಚಿಕೆಯಲ್ಲಿ ಹಿತ್ತಿಲ ಕಳೆಯ ಮಾತನ್ನೆತ್ತುವುದು ಕೆಲವರಿಗೆ ಅಲ್ಪವಾಗಿ ತೋರೀತು. ಆದರೂ ನಮ್ಮ ಅಭಿಪ್ರಾಯವನ್ನು ಮೊದಲೇ ತಿಳಿಸಿಬಿಡುವೆವು. ಹಿತ್ತಿಲುಳ್ಳ ಪ್ರತಿಯೊಂದು ಮನೆಯವರೂ ಅದರಲ್ಲಿ ಒಂದು ಚೌಕವನ್ನಾದರೂ ಕಳೆಯಿಂದ ಬಿಡಿಸಿ ಗರಿಕೆಯ ಹಾಸನ್ನು ಮಾಡತಕ್ಕದ್ದು. ಅದನ್ನು ಹಣ ಸುರಿದು ಮಾಡಿಸದೆ ಮನೆಯವರ ಕೈಯಿಂದಲೇ ಮಾಡತಕ್ಕದ್ದು. ಮತ್ತು ಅದನ್ನು ನೋಡುವುದಕ್ಕಲ್ಲ, ಮಕ್ಕಳು, ವಿಶೇಷವಾಗಿ ಹೆಣ್ಣು ಮಕ್ಕಳು, ಆಡುವುದಕ್ಕಾಗಿಯೇ ಇಡತಕ್ಕದ್ದು.

ಈ ಕಡೆಯ ಮಾತಿಗಾಗಿಯೇ ನಾವು ಲೇಖನಿಯನ್ನು ಹಿಡಿದೆವೆಂದು ಹೇಳಬೇಕು. ಗಂಡು ಹುಡುಗರಿಗೆ ಊರ ಬಯಲುಂಟು, ರಸ್ತೆಯುಂಟು, ಗದ್ದೆ ಕೊಯ್ದ ಮೇಲೆ ಗದ್ದೆಯೂ ಉಂಟು. ಆರನೆಯ ಏಳನೆಯ ತರಗತಿಯನ್ನು ದಾಟಿದ ಹುಡುಗಿಗೆ ಶಾಲೆಯ ಆವರಣದ ಹೊರಗೆ ಓಡುವುದಕ್ಕೆ ಸ್ಥಳವೆಲ್ಲಿ? ಶಾಲೆಯಲ್ಲಿ ಎಸೆದಾಟ, ಖೋ ಖೋ ಆಡಿ ಬಂದವಳು ಮನೆಯಲ್ಲಿ ಪುಸ್ತಕ, ಪಾತ್ರೆ, ದೂರವಾಣಿಯ ಗಾಜು ಇವುಗಳ ಎದುರಿಗೆ ಕುಳಿತಿರುವಳು. ಹಿತ್ತಿಲಿಗೆ ಹೋಗೆಂದರೆ, “ಅಲ್ಲಿ ಹಾವುಂಟು, ಹೋಗಬೇಡ ಮಗಾ” ಎಂದು ತಾಯಿಯೇ ತಡೆಯುವಳು. ತಾಯಿಯ ಭಯವು ಸುಳ್ಳಲ್ಲ. ಇಲಿಗಳಿಗೆ ಮರೆ ಕೊಡುವ ಕಳೆಯು ಇಲಿಯನ್ನು ಹುಡುಕಿ ಬರುವ ಹಾವಿಗೂ ಮರೆ ಕೊಡುವುದು. ಕೊಳಕುಮಂಡಲವು ತರಗೆಲೆಯ ಬಣ್ಣದಲ್ಲಿ ಬೆರೆತು ಮಲಗಿರುವಾಗ ದೊಡ್ಡವರ ಕಣ್ಣಿಗೂ ಕಾಣುವುದಿಲ್ಲ. ಅದಲ್ಲದೆ ಕಳೆಯೊಳಗೆ ಅಡಗಿದ ಗೆರಟೆಯಲ್ಲಿಯೂ ಟಯರಿನಲ್ಲಿಯೂ ನಿಂತ ಮಳೆನೀರಿನಲ್ಲಿ ಡೆಂಗೀ ಜ್ವರವನ್ನು ಹರಡುವ ಸೊಳ್ಳೆಯು ಮೊಟ್ಟೆಯಿಡುವುದು. ಹೀಗಿರಲಾಗಿ, ಹುಡುಗಿಯನ್ನು ಒಳಗೆ ಕೂಡ್ರಿಸುವುದಕ್ಕಿಂತ ಹಿತ್ತಿಲನ್ನು ಶುದ್ಧಮಾಡುವುದು ನ್ಯಾಯವಲ್ಲವೇ?

ಹಿತ್ತಿಲಿನ ಕಾಟದಿಂದ ಬೇಸತ್ತವರು ಈಗ ಸಾಧಾರಣವಾಗಿ ಮೂರು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಿರುವರು. ಮೂರೂ ನಮಗೆ ಒಪ್ಪಿಗೆಯಾಗಿಲ್ಲ.

ಮೊದಲನೆಯದು ಸಿಮೆಂಟು. ಒಮ್ಮೆ ಹಾಕಿಬಿಟ್ಟರೆ ಗುಡಿಸಿದರೆ ಸಾಕೆಂದು ಹೇಳುವರು. ಮಂಗಳೂರಿನ ಸುತ್ತಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಬೀಳುವುದು. ನೂರು ಚದರಡಿ ನೆಲದ ಮೇಲೆ ಬೀಳುವ ಆ ನೀರನ್ನು ಅಳೆದರೆ 32,000 ಲೀಟರಿಗೂ ಹೆಚ್ಚಾಗುವುದು. ಮಣ್ಣಿನ ನೆಲವು ಅದರಲ್ಲಿ ಸ್ವಲ್ಪ ಭಾಗವನ್ನಾದರೂ ಕುಡಿದು ಬಾವಿಯ ಕಡೆಗೆ ಕಳುಹಿಸುವುದು. ಸಿಮೆಂಟಿನ ನೆಲವು ಎಲ್ಲವನ್ನೂ ನೆರೆಮನೆಯ ಗೋಡೆಯ ಬುಡಕ್ಕೋ ರಸ್ತೆಗೋ ನೂಕುವುದು. ಜೂನಿನಲ್ಲಿ ನೀರನ್ನು ಹೊರಗೆ ಹಾಕಿ ಎಪ್ರಿಲಿನಲ್ಲಿ ಟ್ಯಾಂಕರಿಗೆ ಕಾಯುವ ಮನೆಗಳನ್ನು ನಾವೆಲ್ಲರೂ ನೋಡಿದ್ದೇವೆ. ಬೇಸಿಗೆಯ ಮಧ್ಯಾಹ್ನದಲ್ಲಿ ಆ ನೆಲದ ಮೇಲೆ ಬರಿಗಾಲಿಡುವುದಕ್ಕೂ ಆಗುವುದಿಲ್ಲ. ಬಿದ್ದ ಮಗುವಿನ ಮೊಣಕಾಲಿನ ಗತಿಯನ್ನು ಹೇಳಬೇಕಾದ್ದಿಲ್ಲ.

ಎರಡನೆಯದು ವಿಷ. ಗ್ಲೈಫೊಸೇಟ್ ಎಂಬ ಕಳೆನಾಶಕವನ್ನು ಕೀಟನಿಯಂತ್ರಣದ ಪರವಾನಿಗೆಯುಳ್ಳವರ ಹೊರತು ಯಾರೂ ಉಪಯೋಗಿಸಕೂಡದೆಂದು ಕೇಂದ್ರ ಸರಕಾರವು 2022ರಲ್ಲಿ ಆಜ್ಞೆ ಹೊರಡಿಸಿತು. ಪ್ಯಾರಾಕ್ವಾಟ್ ಎಂಬ ಇನ್ನೊಂದಕ್ಕೆ, ಹೊಟ್ಟೆಯೊಳಗೆ ಹೋದರೆ, ವೈದ್ಯರಲ್ಲಿ ಪ್ರತಿವಿಷವೇ ಇಲ್ಲ. ಅಂಥ ಸೀಸೆಯನ್ನು ಸೀಮೆಎಣ್ಣೆಯ ಡಬ್ಬಿಯ ಪಕ್ಕದಲ್ಲಿಟ್ಟುಕೊಂಡು ಮಕ್ಕಳಿರುವ ಮನೆಯವರು ನಿಶ್ಚಿಂತೆಯಿಂದಿರುವುದು ನಮಗೆ ಅರ್ಥವಾಗದು. ವಿಷವಲ್ಲವೆಂದು ಉಪ್ಪನ್ನು ಸುರಿಯುವವರೂ ಉಂಟು. ಉಪ್ಪು ಕಳೆಯನ್ನು ಕೊಲ್ಲುವುದು ನಿಜ. ಆ ಮೇಲೆ ಅಲ್ಲಿ ಬೆಳೆಯಬೇಕಾದುದನ್ನೂ ಕೊಲ್ಲುವುದು, ಪಕ್ಕದ ತೆಂಗಿನ ಹೊರತಾಗಿ ಉಳಿದ ಗಿಡಗಳ ಬೇರುಗಳನ್ನೂ ಸುಡುವುದು.

ಮೂರನೆಯದು ಚಾಪೆಯಂತೆ ಸುತ್ತಿ ತರುವ ಹುಲ್ಲು. ಪೇಟೆಯ ಸಸ್ಯಾಗಾರಗಳಲ್ಲಿ ಇದನ್ನು ಮೆಕ್ಸಿಕನ್ ಹುಲ್ಲೆಂದು ಮಾರುವರು. ಹೆಸರು ಮೆಕ್ಸಿಕೋ ದೇಶದ್ದಾದರೂ ಅದರ ಹುಟ್ಟು ಏಷ್ಯಾ ಖಂಡದ ಪೂರ್ವ ದಿಕ್ಕಿನ ದ್ವೀಪಗಳಲ್ಲಿ. ಹಾಸಿದ ದಿನ ಅದು ಬಹು ಸೊಗಸಾಗಿರುವುದು. ಆದರೆ ಕಳೆಯ ಬೇರು, ಗಡ್ಡೆಗಳನ್ನು ತೆಗೆಯದೆಯೇ ಅದರ ಮೇಲೆ ಇದನ್ನು ಹಾಸಿಹೋಗುವ ಗುತ್ತಿಗೆದಾರರು ಕಡಿಮೆಯಿಲ್ಲ. ಎರಡು ತಿಂಗಳಲ್ಲಿ ಹಾಸಿನ ನಡುವೆ ಕೊನ್ನಾರಿಯು ಈಟಿಗಳಂತೆ ಎದ್ದು ನಿಲ್ಲುವುದು. ಬೇಸಿಗೆಯಲ್ಲಿ ನೀರು ತಪ್ಪಿದರೆ ಹಾಸು ಅಲ್ಲಲ್ಲಿ ಬೋಳಾಗುವುದು. ಪುನಃ ಹೊಸ ಚಾಪೆ, ಪುನಃ ಹಣ. ಸಾಧಾರಣ ಸಂಬಳದ ಮನೆಗೆ ಇದು ತಕ್ಕದ್ದಲ್ಲ.

ಹುಲ್ಲಿನ ಹಾಸೆಂಬುದೇ ದೊರೆಗಳ ಬಂಗಲೆಯ ಸೋಗು, ನಮ್ಮಂಥವರಿಗೆ ಯಾತಕ್ಕೆಂದು ಕೇಳುವವರಿಗೆ ಈಗ ಉತ್ತರ ಕೊಡುವೆವು. ಹೈದರಾಲಿಯು 1760ರಲ್ಲಿ ಆರಂಭಿಸಿದ ಲಾಲ್‌ಬಾಗಿನಂಥ ಉದ್ಯಾನಗಳಲ್ಲಿ ನಾವು ಕಾಣುವ ವಿಶಾಲವಾದ ಹುಲ್ಲುಹಾಸು, ಅದರ ಅಂಚಿನಲ್ಲಿ “ಹುಲ್ಲಿನ ಮೇಲೆ ನಡೆಯಕೂಡದು” ಎಂಬ ಹಲಗೆ, ಇವುಗಳನ್ನೇ ಮನಸ್ಸಿನಲ್ಲಿಟ್ಟುಕೊಂಡರೆ ಈ ಆಕ್ಷೇಪವು ಸರಿಯಾದುದೇ. ನಾವು ಹೇಳುವ ಹಾಸಾದರೋ ಅದಕ್ಕೆ ನೇರ ವಿರುದ್ಧವಾದದ್ದು. ಅದರ ಮೇಲೆ ನಡೆಯದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಅದರ ಹುಲ್ಲೂ ಪರದೇಶದ್ದಲ್ಲ. ಹೊಲದ ಬದುವಿನಲ್ಲಿಯೂ ಕೆರೆಯ ಏರಿಯ ಮೇಲೆಯೂ ಯಾರೂ ನೆಡದೆ ಬೆಳೆಯುವ ಗರಿಕೆ, ಧಾರವಾಡ ಬಿಜಾಪುರದ ಕಡೆಯವರ ಕರಿಕಿ. ಇಂಗ್ಲಿಷರು ಇದಕ್ಕೆ ಬರ್ಮುಡಾ ದ್ವೀಪದ ಹೆಸರನ್ನು ಕೊಟ್ಟಿರುವರು. ಅದು ಆ ದ್ವೀಪದ್ದಲ್ಲವೆಂಬುದು ಸಸ್ಯಶಾಸ್ತ್ರಜ್ಞರಿಗೆಲ್ಲಾ ಗೊತ್ತು. ಕ್ರಿಕೆಟ್ ಆಟದ ಬಯಲುಗಳಲ್ಲಿ ಮುಳ್ಳಿನ ಬೂಟುಗಳ ತುಳಿತವನ್ನು ತಾಳುವ ಹುಲ್ಲು ಇದೇ ಜಾತಿಯದು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಹುಲ್ಲಿನ ವಿಷಯದಲ್ಲಿಯೂ ಸತ್ಯವಾಗಿರುವುದನ್ನು ನೋಡಿ ನಗು ಬರುತ್ತದೆ: ಗೇಟಿನ ಹೊರಗೆ ಚರಂಡಿಯ ಬದಿಯಲ್ಲಿ ಹಬ್ಬಿದ ಗರಿಕೆಯನ್ನು ಕಿತ್ತೆಸೆದು, ಒಳಗೆ ಹಾಸುವುದಕ್ಕೆ ಹುಲ್ಲನ್ನು ಲಾರಿಯಲ್ಲಿ ತರಿಸುವರು.

ಗರಿಕೆಗೆ ಬೇಕಾದದ್ದು ಮುಖ್ಯವಾಗಿ ಒಂದೇ, ಬಿಸಿಲು. ಮಾವು, ಹಲಸು ದಟ್ಟವಾಗಿ ನೆರಳು ಕೊಡುವಲ್ಲಿ ಅದನ್ನು ನೆಟ್ಟು ದುಃಖಪಡುವುದು ಬೇಡ. ಅಲ್ಲಿ ತರಗೆಲೆಯನ್ನೇ ತೆಳುವಾಗಿ ಹರಡಿ ಬಿಡುವುದಾಗಲಿ, ಕೆಸು, ಅರಸಿನ, ಶುಂಠಿ ಇಂಥವುಗಳನ್ನು ಹಾಕುವುದಾಗಲಿ ಲೇಸು. ದಿನಕ್ಕೆ ಆರು ತಾಸು ಬಿಸಿಲು ಬೀಳುವ ಚೌಕವನ್ನು ಆರಿಸಿಕೊಂಡು ಅದರ ಮೇಲೆಯೇ ಶ್ರಮವನ್ನು ವ್ಯಯಿಸಬೇಕು. ಇಡೀ ಹಿತ್ತಿಲನ್ನು ಒಂದೇ ವರ್ಷದಲ್ಲಿ ಗೆಲ್ಲುವೆವೆಂದು ಹೊರಡುವವರು ನವರಾತ್ರಿಯ ಹೊತ್ತಿಗೆ ಹಾರೆಯನ್ನು ಮೂಲೆಗಿಟ್ಟು ಬಿಡುವರು.

ಕಳೆಯನ್ನು ಕೀಳುವ ಮೊದಲು ಅದರ ಪರಿಚಯ ಮಾಡಿಕೊಳ್ಳತಕ್ಕದ್ದು. ಎಲ್ಲವೂ ವೈರಿಗಳಲ್ಲ. ನೆಲನೆಲ್ಲಿ, ತುಂಬೆ, ಒಂದೆಲಗ, ಹೊನಗೊನ್ನೆ, ಗಣಿಕೆ ಇವುಗಳನ್ನು ಅಜ್ಜಿಯಂದಿರು ಹುಡುಕಿಕೊಂಡು ಹೋಗುತ್ತಿದ್ದರು. ಘಟ್ಟದ ಮೇಲಿನವರ ಬೆರಕೆಸೊಪ್ಪಿನ ಸಾರು ಇಂಥವುಗಳಿಂದಲೇ ಆಗುವುದು. ಇವನ್ನು ಬಾವಿಕಟ್ಟೆಯ ಬಳಿಯ ಒಂದು ಮೂಲೆಗೆ ಸಾಗಿಸಿ ಬದುಕಗೊಡಬೇಕು. ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಇವುಗಳ ಹೆಸರನ್ನು ಬಲ್ಲರೆಂದು ಕೇಳಿ ನೋಡಿದರೆ ಹೆತ್ತವರಿಗೆ ಸ್ವಲ್ಪ ಆಶ್ಚರ್ಯವಾದೀತು.

ವೈರಿಗಳಲ್ಲಿ ಮೊದಲನೆಯ ಸ್ಥಾನವು ಕೊನ್ನಾರಿಗೆ ಸಲ್ಲುವುದು. ಇದನ್ನೇ ಕೆಲವೆಡೆ ಜೇಕು ಎಂತಲೂ ತುಂಗೆ ಎಂತಲೂ ಕರೆಯುವರು. ಗಂಧಿಗೆಯ ಅಂಗಡಿಯಲ್ಲಿ ಭದ್ರಮುಷ್ಟಿಯೆಂದು ಬೆಲೆ ಕೊಟ್ಟು ಕೊಳ್ಳುವ ಗಡ್ಡೆಯು ಇದರದೇ. ಕೈಯಿಂದ ಎಳೆದರೆ ಎಲೆ ಮಾತ್ರ ಬರುವುದು. ಗಡ್ಡೆಯು ಕೆಳಗೆ ಉಳಿದು ವಾರದೊಳಗೆ ಪುನಃ ಮೊಳೆಯುವುದು. ಒಂದು ಗಡ್ಡೆಯಿಂದ ಮತ್ತೊಂದಕ್ಕೆ ನೂಲಿನಂಥ ಬೇರು, ಅದರಿಂದ ಮತ್ತೊಂದು, ಹೀಗೆ ಸರಪಣಿಯಾಗಿ ನೆಲದೊಳಗೆ ಹಬ್ಬಿರುವುದು. ಆದರೆ ಇದಕ್ಕೆ ಎರಡು ಮರ್ಮಗಳುಂಟು. ಗಡ್ಡೆಗಳಲ್ಲಿ ಹೆಚ್ಚಿನವು ಮೇಲಿನ ಒಂದು ಗೇಣು ಮಣ್ಣಿನಲ್ಲಿಯೇ ಇರುವುವು, ಮತ್ತು ಬಿಸಿಲಿನಲ್ಲಿ ಚೆನ್ನಾಗಿ ಒಣಗಿದ ಗಡ್ಡೆಯು ಮೊಳೆಯದು. ಆದುದರಿಂದ ಮಳೆಗಾಲದಲ್ಲಿ ಇದರೊಡನೆ ಹೊಡೆದಾಡುವುದು ವ್ಯರ್ಥ. ಇದರ ಯುದ್ಧವನ್ನು ಬೇಸಿಗೆಯಲ್ಲಿ ಹೂಡಬೇಕು.

ಕರಾವಳಿಯ ಹಿತ್ತಿಲುಗಳಲ್ಲಿ ನಾಚಿಕೆಮುಳ್ಳು ಎರಡನೆಯದು. ಮುಟ್ಟಿದರೆ ಮುನಿಯುವ ಇದರ ಎಲೆಗಳನ್ನು ಮಕ್ಕಳು ಮೆಚ್ಚುವರು, ಬರಿಗಾಲುಗಳು ಮೆಚ್ಚವು. ಇದು ದಕ್ಷಿಣ ಅಮೇರಿಕದ ಕಡೆಯಿಂದ ಬಂದದ್ದು; ಇದರ ಬೀಜಗಳು ವರ್ಷಗಟ್ಟಲೆ ಮಣ್ಣಿನಲ್ಲಿ ಮಲಗಿದ್ದು ಮೊಳೆಯುವುದರಿಂದ ಹೂ ಬಿಡುವ ಮುಂಚೆಯೇ ಬುಡಸಹಿತ ಕೀಳಬೇಕು. ಘಟ್ಟದ ಮೇಲೆ ಕಾಂಗ್ರೆಸ್ ಹುಲ್ಲು ಎಂದು ಕರೆಯಲ್ಪಡುವ ಪಾರ್ಥೇನಿಯಮ್ಮಿನ ಕಾಟವು ಹೆಚ್ಚು. 1950ರ ದಶಕದ ನಡುವೆ ಪುಣೆಯಲ್ಲಿ ಕಣ್ಣಿಗೆ ಬಿದ್ದ ಇದು ದೇಶವನ್ನೆಲ್ಲಾ ಆವರಿಸಿತು. ಒಂದು ಗಿಡವು ಸಾವಿರಾರು ಬೀಜಗಳನ್ನು ಉದುರಿಸುವುದು. ಇದರ ಸ್ಪರ್ಶದಿಂದ ಚರ್ಮದಲ್ಲಿ ಕಜ್ಜಿಯೂ ಪರಾಗದಿಂದ ಉಬ್ಬಸವೂ ಉಂಟಾಗುವುದು. ಕೈಚೀಲವಿಲ್ಲದೆ ಇದನ್ನು ಕೀಳಕೂಡದು, ಉಬ್ಬಸವುಳ್ಳವರು ಹತ್ತಿರ ಹೋಗಲೂ ಕೂಡದು. ಮೆಕ್ಸಿಕೋ ದೇಶದಿಂದ ತರಿಸಿದ ಒಂದು ಚಿಕ್ಕ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಅದು ಈ ಗಿಡದ ಎಲೆಗಳನ್ನು ತಿಂದು ಬೋಳಿಸುವುದು. ಹಳದಿ ಮೈಯ ಮೇಲೆ ಕಪ್ಪು ಗೆರೆಗಳುಳ್ಳ ಆ ಜೀವಿಯನ್ನು ಕಂಡರೆ ಮಕ್ಕಳು ಕೊಲ್ಲದಿರಲಿ. ನಮ್ಮ ಕಡೆಯ ಗುಡ್ಡಗಳನ್ನು ತುಂಬಿರುವ ಇನ್ನೊಂದು ಪೊದೆಗೆ ಜನರು ಕಮ್ಯುನಿಸ್ಟ್ ಗಿಡವೆಂದು ಹೆಸರಿಟ್ಟಿರುವರು. ಎರಡು ಕಳೆಗಳಿಗೆ ಎರಡು ರಾಜಕೀಯ ಪಕ್ಷಗಳ ಹೆಸರನ್ನು ಕೊಟ್ಟ ನಮ್ಮ ಜನರ ನಿಷ್ಪಕ್ಷಪಾತವನ್ನು ಮೆಚ್ಚಬೇಕು.

ಈಗ ಕೆಲಸದ ಮಾತು. ನಮ್ಮ ಹಳೆಯ ವಿದ್ಯಾರ್ಥಿನಿಯರು ಕೆಲವರು ಕರಾವಳಿಯಲ್ಲಿಯೂ ಕೆಲವರು ಘಟ್ಟದ ಮೇಲೆಯೂ ಸಂಸಾರ ಹೂಡಿರುವುದರಿಂದ ಎರಡು ಕಡೆಗೂ ಒಂದೇ ಪಂಚಾಂಗವು ಸಲ್ಲದು. ಫೆಬ್ರವರಿ ಮಾರ್ಚಿಯಲ್ಲಿ ಮಾಡುವ ಕೆಲಸವಾದರೋ ಇಬ್ಬರಿಗೂ ಒಂದೇ. ಮೊದಲು ಗೆರಟೆ, ಗಾಜು, ಹಂಚುಗಳನ್ನು ಆರಿಸಿ ತೆಗೆಯಬೇಕು. ಗಾಜಿನ ವಿಷಯದಲ್ಲಿ ಎಷ್ಟು ಜಾಗ್ರತೆ ಮಾಡಿದರೂ ಹೆಚ್ಚಾಗದು. ಉದ್ದನೆಯ ಕೋಲಿನಿಂದ ಪೊದೆಗಳನ್ನು ಬಡಿದು ಸದ್ದು ಮಾಡಿ, ಕಾಲಿಗೆ ಬೂಟು ಹಾಕಿಕೊಂಡು ಗಂಡಸರು ಮೊದಲು ಒಳಗೆ ಹೋಗಲಿ. ಎತ್ತರದ ಕಳೆಯನ್ನು ಕತ್ತಿಯಿಂದ ಸವರಿದ ಮೇಲೆ ನೆಲವನ್ನು ಪಿಕ್ಕಾಸಿನಿಂದ ಒಂದು ಗೇಣು ಆಳ ಅಗೆದು, ಹೆಂಟೆಗಳನ್ನು ಒಡೆಯದೆ ಹಾಗೆಯೇ ಬಿಸಿಲಿಗೆ ಬಿಡಬೇಕು. ವಾರಕ್ಕೊಮ್ಮೆ ಮಗುಚಿ ಹಾಕಬೇಕು. ಸಂಜೆಯಲ್ಲಿ ಅರ್ಧ ತಾಸು ಮನೆಯವರೆಲ್ಲರೂ ಕುಳಿತು ಗಡ್ಡೆಗಳನ್ನು ಆರಿಸಿದರೆ ಹತ್ತು ದಿನಗಳಲ್ಲಿ ಎಷ್ಟು ಬುಟ್ಟಿಯಾಯಿತೆಂದು ಎಣಿಸುವುದೇ ಮಕ್ಕಳಿಗೆ ಒಂದು ಆಟವಾಗುವುದು. ಗಡ್ಡೆಗಳನ್ನೂ ಮುಳ್ಳುಕಳೆಯನ್ನೂ ಗೊಬ್ಬರದ ಗುಂಡಿಗೆ ಹಾಕದೆ ಕಲ್ಲಿನ ಮೇಲೆ ಒಣಗಿಸಿ ಸುಡಬೇಕು. ನಮ್ಮ ಕಡೆಯ ಬೇಸಾಯಗಾರರು ಮಾಡುವಂತೆ ತರಗೆಲೆ, ಮಣ್ಣುಗಳನ್ನು ಪದರಪದರವಾಗಿ ಒಟ್ಟಿ ಮೆಲ್ಲಗೆ ಬೇಯಿಸಿದ ಸುಡುಮಣ್ಣು ಇಲ್ಲಿ ಬಹಳ ಉಪಯುಕ್ತ. ಕಳೆಯ ಬೀಜಗಳು ಅದರಲ್ಲಿ ಬೆಂದುಹೋಗಿರುವುದರಿಂದ ಮುಂದೆ ಹಾಸಿನ ಮೇಲೆ ಹರಡುವುದಕ್ಕೆ ಅದಕ್ಕಿಂತ ಒಳ್ಳೆಯ ಮಣ್ಣು ಬೇರೊಂದಿಲ್ಲ.

ಮೇ ತಿಂಗಳ ಮೊದಲ ಮಳೆ ಬಿದ್ದೊಡನೆ ಹಸುರು ಹುಲ್ಲನ್ನು ನೆಡುವ ಆತುರವು ಎಲ್ಲರಿಗೂ ಬರುವುದು. ಆ ಆತುರವನ್ನು ಅಡಗಿಸಬೇಕು. ನೆಲವನ್ನು ಮಟ್ಟಮಾಡಿ ಸುಮ್ಮನೆ ಬಿಟ್ಟರೆ, ಮಣ್ಣಿನಲ್ಲಿ ಮಲಗಿದ್ದ ಕಳೆಯ ಬೀಜಗಳೆಲ್ಲಾ ಹತ್ತು ಹದಿನೈದು ದಿನಗಳಲ್ಲಿ ಒಟ್ಟಿಗೆ ಮೊಳೆಯುವುವು. ಎರಡೆಲೆಯ ಮೊಳಕೆಯಾಗಿರುವಾಗಲೇ ಅವುಗಳನ್ನು ಹಾರೆಯ ಅಂಚಿನಿಂದ ಮೇಲೆಮೇಲೆ ಕೆರೆದು ಹಾಕಬೇಕು. ಆಳಕ್ಕೆ ಅಗೆದರೆ ಕೆಳಗಿನ ಬೀಜಗಳು ಮೇಲೆ ಬಂದು ಕೆಲಸವು ಮೊದಲಿಗೇ ಬರುವುದು. ಹೀಗೆ ಎರಡು ಸಲ ಮಾಡಿದವರಿಗೆ ಮುಂದಿನ ವರ್ಷದ ಕಳೆ ಕೀಳುವ ಕೂಲಿ ಬಹುಮಟ್ಟಿಗೆ ಉಳಿಯುವುದು. ಹಣವಿಲ್ಲದವರಿಗೆ ತಾಳ್ಮೆಯೇ ಬಂಡವಾಳ ಎಂಬ ಮಾತನ್ನು ನಾವು ಸುಮ್ಮನೆ ಹೇಳುತ್ತಿಲ್ಲ. ಇಲ್ಲಿ ಅದರ ಲೆಕ್ಕವನ್ನೇ ತೋರಿಸಬಹುದು.

ಕರಾವಳಿಯವರು ಜೂನ್ ಜುಲೈಯ ಜಡಿಮಳೆಯಲ್ಲಿ ಗರಿಕೆಯನ್ನು ನೆಟ್ಟರೆ ನೀರಿನೊಡನೆ ಅದೂ ಹರಿದುಹೋದೀತು. ಆ ಎರಡು ತಿಂಗಳು ನೆಲವನ್ನು ಬೋಳಾಗಿಡದೆ ಬೆಂಡೆ, ಹರಿವೆ, ಮುಳ್ಳುಸೌತೆಗಳನ್ನು ದಟ್ಟವಾಗಿ ಹಾಕಲಿ. ಅವು ಕಳೆಯ ಮೇಲೆ ನೆರಳು ಬೀರುವುವು, ಅಡಿಗೆಮನೆಗೂ ಒದಗುವುವು. ಗೊಬ್ಬರಕ್ಕೆ ತಗಲುವ ಹಣವು ತರಕಾರಿಯ ಖರ್ಚಿನಲ್ಲಿ ಉಳಿದುಬರುವುದು. ಆಟಿ ಕಳೆದು ಸೋಣ ಬಂದ ಮೇಲೆ, ಮಳೆಯು ಬಿಟ್ಟುಬಿಟ್ಟು ಬರುವಾಗ, ಹುಲ್ಲಿನ ಕೆಲಸಕ್ಕೆ ಕೈಯಿಡಬಹುದು. ಘಟ್ಟದ ಮೇಲಿನವರು ಜೂನ್ ಕಡೆಯಲ್ಲಿಯೋ ಜುಲೈಯಲ್ಲಿಯೋ ನೆಡಬಹುದು.

ನೆಡುವ ಮುಂಚೆ ನೆಲಕ್ಕೆ ಮನೆಯಿಂದ ಹೊರಮುಖವಾಗಿ ಹತ್ತಡಿಗೆ ಒಂದು ಅಂಗುಲದಂತೆ ಇಳಿಜಾರು ಕೊಡಬೇಕು. ನೂರು ಚದರಡಿಗೆ ಎರಡು ಮೂರು ಬುಟ್ಟಿ ಚೆನ್ನಾಗಿ ಕಳಿತ ಹಟ್ಟಿಗೊಬ್ಬರವನ್ನು ಜರಡಿಯಾಡಿಸಿ ಬೆರೆಸಬೇಕು; ಅರೆಕಳಿತ ಗೊಬ್ಬರದಲ್ಲಿ ದನ ತಿಂದ ಕಳೆಯ ಬೀಜಗಳೆಲ್ಲಾ ಜೀವಂತವಾಗಿರುವುವು. ಮುರಕಲ್ಲಿನ ಕೆಂಪು ಮಣ್ಣು ಹುಳಿಯಾದುದರಿಂದ ಒಲೆಯ ಬೂದಿಯನ್ನು ಸ್ವಲ್ಪ ಸೇರಿಸಿದರೆ ಒಳ್ಳೆಯದು. ಗರಿಕೆಯ ಬಳ್ಳಿಯನ್ನು ಎರಡು ಮೂರು ಗಿಣ್ಣುಗಳಿರುವಂತೆ ತುಂಡುಮಾಡಿ ನಾಲ್ಕು ನಾಲ್ಕು ಅಂಗುಲಕ್ಕೆ ಒಂದರಂತೆ ಓರೆಯಾಗಿ ಚುಚ್ಚುತ್ತಾ ಹೋಗುವುದು ಒಂದು ಕ್ರಮ. ಬೆನ್ನು ನೋಯಿಸದ ಇನ್ನೊಂದು ಕ್ರಮವೂ ಉಂಟು. ಸಾರಣೆ ಮಾಡುವುದನ್ನು ಬಲ್ಲ ಹೆಂಗಸರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಗರಿಕೆಯನ್ನು ಎರಡು ಮೂರು ಅಂಗುಲದ ತುಂಡುಗಳಾಗಿ ಕೊಚ್ಚಿ, ಎರಡು ಬುಟ್ಟಿ ಕೊಚ್ಚಿದ ಗರಿಕೆಗೆ ಒಂದು ಬುಟ್ಟಿ ಮಣ್ಣು, ಒಂದು ಬುಟ್ಟಿ ಸೆಗಣಿ, ಒಂದು ಹಾರೆ ಬೂದಿ ಸೇರಿಸಿ ನೀರು ಹಾಕಿ ಗಟ್ಟಿಯಾಗಿ ಕಲಸಿ, ತೇವಮಾಡಿದ ನೆಲದ ಮೇಲೆ ಒಂದು ಅಂಗುಲ ದಪ್ಪಕ್ಕೆ ಬಳಿದುಬಿಡುವುದು. ಮೇಲೆ ತೆಳ್ಳಗೆ ಸುಡುಮಣ್ಣನ್ನು ಉದುರಿಸಿ, ಬೇರೂರುವ ವರೆಗೆ ತೇವವು ಆರದಂತೆ ನೋಡಿಕೊಳ್ಳಬೇಕು. ಯಾವ ಕ್ರಮದಿಂದಾದರೂ ಎರಡು ಮೂರು ತಿಂಗಳಲ್ಲಿ ನೆಲವು ಮುಚ್ಚಿಹೋಗುವುದು. ಆ ತನಕ ಹುಡುಗಿಯರು ಆಟವನ್ನು ತಡೆಯಬೇಕು. ಆ ಮೇಲೆ ಅವರನ್ನು ಯಾರೂ ತಡೆಯಕೂಡದು.

ಕೊಯ್ಯುವ ಯಂತ್ರವು ಬೇಕೆಂದಿಲ್ಲ. ಹಿತ್ತಿಲಿನ ಚೌಕಕ್ಕೆ ಹುಲ್ಲು ಕೊಯ್ಯುವ ಹರಿತವಾದ ಕತ್ತಿಯೂ ತಂತಿ ಬೇಲಿಯಿಲ್ಲದ ಒಂದು ಬೆಳಗ್ಗಿನ ಹೊತ್ತೂ ಸಾಕು. ಒಮ್ಮೆಗೆ ಎತ್ತರದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕೊಯ್ಯಕೂಡದು. ಬುಡದ ವರೆಗೆ ಬೋಳಿಸಿದರೆ ಬಿಸಿಲು ಮಣ್ಣನ್ನು ಮುಟ್ಟಿ ಕಳೆಯ ಬೀಜಗಳನ್ನು ಎಬ್ಬಿಸುವುದು. ಕೊಯ್ದ ಚೂರುಗಳನ್ನು ಅಲ್ಲಿಯೇ ಬಿಟ್ಟರೆ ಅವೇ ಗೊಬ್ಬರವಾಗುವುವು. ನಡುವೆ ಪುನಃ ತಲೆಯೆತ್ತುವ ಕೊನ್ನಾರಿಯನ್ನು ಎರಡು ಮೂರು ವಾರಕ್ಕೊಮ್ಮೆ ತಪ್ಪದೆ ಕೀಳುತ್ತಿದ್ದರೆ, ಹೊಸ ಗಡ್ಡೆ ಕಟ್ಟುವುದಕ್ಕೆ ಸಮಯ ದೊರೆಯದೆ ಹಳೆಯ ಗಡ್ಡೆಯು ಕ್ರಮೇಣ ಸೊರಗುವುದು. ಒಂದು ತಿಂಗಳು ಮರೆತರೆ ಅದು ಗೆದ್ದಂತೆಯೇ.

ನೀರಿನ ವಿಷಯದಲ್ಲಿ ನಮ್ಮ ಮನಸ್ಸು ಖಂಡಿತವಾಗಿದೆ. ಕುಡಿಯುವ ನೀರನ್ನು ಹುಲ್ಲಿಗೆ ಹಾಕಕೂಡದು. 2024ರ ಮಾರ್ಚಿಯಲ್ಲಿ ಬೆಂಗಳೂರಿನ ಜಲಮಂಡಳಿಯು ತೋಟಕ್ಕೆ ಕುಡಿಯುವ ನೀರನ್ನು ಉಪಯೋಗಿಸುವವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಮಾಡಬೇಕಾಯಿತು. ದಂಡದ ಭಯವಿಲ್ಲದ ಊರುಗಳಲ್ಲಿಯೂ ನೆರೆಮನೆಯವರು ಕೊಡ ಹಿಡಿದು ಸಾಲಿನಲ್ಲಿ ನಿಂತಿರುವಾಗ ಹುಲ್ಲಿಗೆ ನಳದ ನೀರನ್ನು ಬಿಡುವುದು ಸಭ್ಯತೆಯಲ್ಲ. ಹಾಗಾದರೆ ಹಾಸು ಎಷ್ಟು ದೊಡ್ಡದಿರಬೇಕು? ಲೆಕ್ಕವು ಸುಲಭವಾಗಿದೆ. ನೂರು ಚದರಡಿ ನೆಲಕ್ಕೆ ಒಂದು ಅಂಗುಲ ನೀರು ಎಂದರೆ ಸುಮಾರು 236 ಲೀಟರು. 15 ಲೀಟರು ಹಿಡಿಯುವ ಬಾಲ್ದಿಯಲ್ಲಿ ಹದಿನಾರು ಬಾಲ್ದಿ. ವಾರಕ್ಕೆ ಅಷ್ಟಿದ್ದರೆ ಗರಿಕೆಯು ಬೇಸಿಗೆಯಲ್ಲಿಯೂ ಹಸುರಾಗಿರುವುದು. ಅಕ್ಕಿ, ತರಕಾರಿ ತೊಳೆದ ನೀರನ್ನೂ ಬಟ್ಟೆಯನ್ನು ಕಡೆಯ ಸಲ ಜಾಲಿಸಿದ ನೀರನ್ನೂ ಸೇರಿಸಿ ದಿನಕ್ಕೆ ಎರಡು ಬಾಲ್ದಿ ಕೂಡಿಸುವ ಮನೆಗೆ ನೂರು ಚದರಡಿಯ ಹಾಸನ್ನು ಸಾಕುವ ಯೋಗ್ಯತೆಯುಂಟು. ನಾಲ್ಕು ಬಾಲ್ದಿ ಕೂಡಿಸುವವರಿಗೆ ಇನ್ನೂರರದು. ಚೆಲುವೆಪುಡಿ ಬೆರೆತ ನೀರು ಮಾತ್ರ ಬೇಡ. ದಿನವೂ ಚಿಮುಕಿಸುವುದಕ್ಕಿಂತ ಒಂದು ದಿನ ಒಂದು ಭಾಗಕ್ಕೆ, ಮರುದಿನ ಇನ್ನೊಂದು ಭಾಗಕ್ಕೆ ಹೊಟ್ಟೆತುಂಬ ಹಾಕುವುದು ಮೇಲು. ಬೇರುಗಳು ಆಳಕ್ಕೆ ಇಳಿಯುವುವು. ಇದಕ್ಕೂ ನೀರಿಲ್ಲದಿದ್ದರೆ ಏನೂ ಹಾಕದೆ ಬಿಡಲಿ. ಬಣ್ಣಗೆಟ್ಟು ಒಣಗಿದಂತೆ ತೋರುವ ಗರಿಕೆಯು ಸತ್ತ ಗರಿಕೆಯಲ್ಲ. ಮಣ್ಣಿನೊಳಗಿನ ಬಳ್ಳಿಯು ಕಾದಿದ್ದು, ಮೊದಲ ಮಳೆಗೆ ವಾರದೊಳಗೆ ಚಿಗುರುವುದು. ಮಕ್ಕಳು ಒಣಹುಲ್ಲಿನ ಮೇಲೆಯೂ ಆಡಬಲ್ಲರು. ವರ್ಷವೆಲ್ಲಾ ಹಸುರೇ ಕಾಣಬೇಕೆಂಬ ಹಟವೇ ಹುಲ್ಲುಹಾಸನ್ನು ದುಬಾರಿಯ ವಸ್ತುವನ್ನಾಗಿ ಮಾಡಿದ್ದು.

ಇದೆಲ್ಲಾ ಸರಿ, ಆದರೆ ಈ ಕೆಲಸವು ಯಾರ ತಲೆಗೆ ಕಟ್ಟುವುದೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರು ಕೇಳುವರೆಂದು ಬಲ್ಲೆವು. ಕೇಳಲೇಬೇಕಾದ ಪ್ರಶ್ನೆಯದು. ಹೊರಗೆ ದುಡಿದು ಬಂದು ಒಳಗೆ ಬೇಯಿಸುವ ತಾಯಿಗೆ, ಪರೀಕ್ಷೆಗೆ ಓದುವ ಮಗಳಿಗೆ, ಹಿತ್ತಿಲು ಅಡಿಗೆಮನೆಯ ಹಿಂದೆ ಇದೆಯೆಂಬ ಒಂದೇ ಕಾರಣದಿಂದ ಈ ಭಾರವನ್ನೂ ಹೊರಿಸುವುದಾದರೆ ಕಳೆಯೇ ಬೆಳೆಯಲಿ ಎಂದು ನಾವು ಹೇಳುವೆವು. ಪಿಕ್ಕಾಸನ್ನು ತಂದೆಯೂ ಗಂಡು ಮಕ್ಕಳೂ ಹಿಡಿಯತಕ್ಕದ್ದು. ಕೂಲಿಯವರನ್ನು ಕರೆಯುವ ಶಕ್ತಿಯುಳ್ಳವರು ಅಗೆಯುವ ಎರಡು ದಿನಗಳಿಗೆ ಮಾತ್ರ ಕರೆದು, ಪೂರ್ಣ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಡಲಿ. ಮಿತವ್ಯಯವೆಂಬುದು ಬಡವನ ದಿನಗೂಲಿಯಲ್ಲಿ ಹಿಡಿಯುವ ಮುರಿತವಲ್ಲ. ಮಗಳಿಗೆ ವಾರಕ್ಕೆ ಅರ್ಧ ತಾಸಿನ ಕಳೆ ಕೀಳುವ ಪಾಲು ಇರಲಿ, ಮಗನಿಗೂ ಅಷ್ಟೇ ಇರಲಿ. ಪಾಠದ ಹೊತ್ತು ಹಾಳಾಗುವುದೆಂದು ಹೆತ್ತವರು ಅಂಜಬೇಕಾಗಿಲ್ಲ. ಬೇರು, ಗಡ್ಡೆ, ಬೀಜ, ಗಿಣ್ಣು ಇವುಗಳ ಭೇದವನ್ನು ಕೈಯಲ್ಲಿ ಹಿಡಿದು ನೋಡಿದ ಹುಡುಗಿಗೆ ಸಸ್ಯಶಾಸ್ತ್ರದ ಆ ಪಾಠವನ್ನು ಬಾಯಿಪಾಠ ಮಾಡುವ ಶ್ರಮವು ಉಳಿಯುವುದು.

ಹಿತ್ತಿಲೇ ಇಲ್ಲದ ಮಹಡಿಮನೆಗಳಲ್ಲಿ ವಾಸಿಸುವವರು ತಮ್ಮ ಕಟ್ಟಡದ ಹಿಂದೆ ವಾಹನಗಳಿಗೂ ಕಸಕ್ಕೂ ಬಿಟ್ಟ ಜಾಗದಲ್ಲಿ ಒಂದು ಚೌಕವನ್ನು ಮಕ್ಕಳಿಗಾಗಿ ಕೇಳುವ ಧೈರ್ಯ ಮಾಡಬೇಕು. ನಾಲ್ಕು ಮನೆಯವರು ಕೂಡಿ ಕೇಳಿದರೆ ಸಂಘದವರು ಇಲ್ಲವೆನ್ನಲಾರರು.

ಗರಿಕೆಯ ಬಳ್ಳಿಗೆ ಹಣ ಕೊಡಬೇಕಾದ್ದಿಲ್ಲ. ಚೌತಿಯ ಹಿಂದಿನ ಸಂಜೆ ಪೂಜೆಗಾಗಿ ನೆರೆಹೊರೆಯವರು ಅದನ್ನು ಹುಡುಕಿಕೊಂಡು ಬರುವ ಜಾಗಗಳು ಪ್ರತಿಯೊಂದು ಊರಿನಲ್ಲಿಯೂ ಉಂಟು. ಅವರನ್ನು ಕೇಳಿದರೆ ತೋರಿಸುವರು. ನಾಯಿಗಳೂ ವಾಹನಗಳೂ ಹೊಲಸು ಮಾಡಿದ ರಸ್ತೆಯ ಬದಿಯದನ್ನು ಬಿಟ್ಟು, ಗದ್ದೆಯ ಬದುವಿನ ಸಣ್ಣೆಲೆಯ ಬಳ್ಳಿಯನ್ನು ಒಡೆಯನ ಅಪ್ಪಣೆ ಪಡೆದು ತರಬೇಕು. ನೂರು ಚದರಡಿಗೆ ಒಂದು ಗೋಣಿಚೀಲ ಬಳ್ಳಿ ಧಾರಾಳವಾಗಿ ಸಾಕಾಗುವುದು. ನಮ್ಮ ಶಾಲೆಯ ಆಟದ ಬಯಲಿನ ಪಡುವಣ ಬೇಲಿಯ ಉದ್ದಕ್ಕೂ ಒಳ್ಳೆಯ ಗರಿಕೆಯಿದೆ. ಅದನ್ನು ಹೇಗೂ ವರ್ಷಕ್ಕೆರಡು ಸಲ ಸವರಿ ಎಸೆಯುವರು. ಸಪ್ಟಂಬರ ತಿಂಗಳ ಶನಿವಾರಗಳಲ್ಲಿ ಮಧ್ಯಾಹ್ನದ ಮೇಲೆ ಚೀಲವನ್ನೂ ಕತ್ತಿಯನ್ನೂ ಕೈಚೀಲವನ್ನೂ ತಂದು, ಮುಖ್ಯೋಪಾಧ್ಯಾಯಿನಿಯವರಿಗೆ ಒಂದು ಮಾತು ತಿಳಿಸಿ ಕೊಂಡೊಯ್ಯಬಹುದು. ಬರುವಾಗ ಮಕ್ಕಳನ್ನೂ ಕರತನ್ನಿರಿ. ಬಳ್ಳಿಯನ್ನು ಕೊಚ್ಚುವುದಕ್ಕೆ ಬಯಲಿನ ಕಟ್ಟೆಯೇ ಅನುಕೂಲವಾಗಿದೆ, ಮತ್ತು ತೇವವಾದ ಗೋಣಿಯಲ್ಲಿ ಸುತ್ತಿದರೆ ಮರುದಿನ ಬೆಳಿಗ್ಗೆ ನೆಡುವ ತನಕ ಅದು ಬಾಡುವುದಿಲ್ಲ.